ಚಿಲಕ, ಅಗುಳಿ, ಬೀಗ: ಬಾಗಿಲಿಗೆ ಹಾಕಿದ್ದು ಯಾವುದು?

2025ರ ಜನವರಿಯಲ್ಲಿ ಕರ್ನಾಟಕದ ಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬಂತು. ಸಣ್ಣ ಸಾಲದ ಕಂತು ಕಟ್ಟಲಿಲ್ಲವೆಂದು ವಸೂಲಿಗೆ ಬಂದವರು ಮನೆಗೆ ಬೀಗ ಜಡಿದರು, ಮನೆಯವರು ಬೀದಿಗೆ ಬಂದರು. ತೆರಿಗೆ ಕಟ್ಟದ ಅಂಗಡಿಗೆ ಬೀಗಮುದ್ರೆ ಹಾಕಿದ ಸುದ್ದಿ, ಬೀಗ ಮುರಿದು ಚಿನ್ನ ಕದ್ದ ಸುದ್ದಿ ಕೂಡ ನಮಗೆ ಹೊಸದಲ್ಲ. ಎಲ್ಲ ಕಡೆ ಪದ ಅದೇ, ಬೀಗ. ಆದರೆ ಒಂದೊಂದು ಕಡೆ ಅದು ಒಂದೊಂದು ಕೆಲಸ ಮಾಡುತ್ತಿದೆ. ಕಾನೂನು ಕೂಡ ಅವನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ.

ಮನೆ ಕಟ್ಟುವವರು, ಬಾಡಿಗೆಗೆ ಇರುವವರು, ವಿಮೆಯ ಅರ್ಜಿ ತುಂಬುವವರು, ಠಾಣೆಯಲ್ಲಿ ದೂರು ಬರೆಯುವವರು ಎಲ್ಲರಿಗೂ ಈ ವ್ಯತ್ಯಾಸ ಒಂದಲ್ಲ ಒಂದು ದಿನ ಬೇಕಾಗುತ್ತದೆ. ಈಗ ನಾವು ಎಲ್ಲಕ್ಕೂ ಸುಮ್ನೆ "ಲಾಕ್" ಅಂದುಬಿಡುತ್ತೇವೆ. ಕನ್ನಡದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಹೆಸರಿದೆ. ಆ ಹೆಸರುಗಳಿಂದಲೇ ಶುರು ಮಾಡೋಣ.

ಮುಚ್ಚಿದ ಬಾಗಿಲು, ಹಾಕಿದ ಬಾಗಿಲು

"ಬಾಗಿಲು ಮುಚ್ಚಿದೆ" ಅಂದರೆ ಕದ ಚೌಕಟ್ಟಿಗೆ ತಾಗಿದೆ, ಅಷ್ಟೇ. ಜೋರು ಗಾಳಿ ಬಂದರೆ ತೆರೆದುಕೊಳ್ಳಬಹುದು. "ಬಾಗಿಲು ಹಾಕಿದೆ" ಅಂದಾಗ ಸಾಮಾನ್ಯವಾಗಿ ಚಿಲಕವೂ ಬಿದ್ದಿದೆ ಅಂತ ಅರ್ಥ. "ಬೀಗ ಹಾಕಿದೆ" ಅಂದಾಗ ಮಾತ್ರ ತೆರೆಯಲು ಇನ್ನೊಂದು ವಸ್ತು ಬೇಕು ಎಂದಾಯಿತು.

ಚಿಲಕ ಬಾಗಿಲಿಗೇ ಅಂಟಿಕೊಂಡಿರುವ ಸಲಾಕೆ ಅಥವಾ ಪಟ್ಟಿ. ಅದನ್ನು ಸರಿಸಿದರೆ ಚೌಕಟ್ಟಿನ ತೂತಿಗೆ ಹೋಗಿ ಕೂರುತ್ತದೆ. ಕೀ ಬೇಡ, ಬೆರಳು ಸಾಕು. ಚಿಲಕಕ್ಕೆ ಗೊತ್ತಿರುವುದು ಒಂದೇ ವಿಷಯ, ನೀವು ಬಾಗಿಲಿನ ಯಾವ ಬದಿಯಲ್ಲಿದ್ದೀರಿ ಅನ್ನುವುದು. ಒಳಚಿಲಕ ಒಳಗಿದ್ದವರ ಕೈಯಲ್ಲಿ, ಹೊರಚಿಲಕ ಹೊರಗಿದ್ದವರ ಕೈಯಲ್ಲಿ. ಆ ಬದಿಯಲ್ಲಿ ನಿಂತವರು ಯಾರೇ ಆಗಲಿ ತೆರೆಯಬಹುದು.

ಅಗುಳಿ ಇದೇ ಜಾತಿಯದ್ದು, ಆದರೆ ದಪ್ಪ. ಹಳೆಯ ಮನೆಗಳ ಜೋಡಿ ಕದದ ಹಿಂದೆ ಅಡ್ಡಲಾಗಿ ಕೂರುವ ಮರದ ತೊಲೆಯೇ ಅಗುಳಿ. ಅದರ ತುದಿ ಗೋಡೆಯ ತೂತಿನೊಳಗೆ ಹೋಗುತ್ತದೆ. ಹೊರಗಿನಿಂದ ತಳ್ಳುವ ಬಲವನ್ನು ಕದದ ಬದಲು ಗೋಡೆಯೇ ತಡೆದುಕೊಳ್ಳುತ್ತದೆ. ಕೋಟೆ ಬಾಗಿಲುಗಳಲ್ಲಿ ಇದೇ ಉಪಾಯ ದೊಡ್ಡದಾಗಿ ಕಾಣುತ್ತದೆ. ಹಳೆಯ ಕೋಟೆಯೊಂದರ ಹೆಬ್ಬಾಗಿಲಲ್ಲಿ ನಿಂತು ಎರಡೂ ಪಕ್ಕದ ಕಲ್ಲುಗೋಡೆ ನೋಡಿ, ಎದುರುಬದುರು ಚೌಕದ ಗುಂಡಿಗಳಿದ್ದರೆ ಅವು ಅಗುಳಿ ಕೂರುತ್ತಿದ್ದ ಜಾಗ. ಹೆಬ್ಬಾಗಿಲಿಗೆ ಇಷ್ಟು ಕಾವಲಿದ್ದರೂ ಜನ ಓಡಾಡಲು ಒಂದು ಕಿರುಬಾಗಿಲು ಇರುತ್ತಿತ್ತು. ಅದೇ ದಿಡ್ಡಿ ಬಾಗಿಲು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಬಂದದ್ದು ಇಲ್ಲಿಂದಲೇ.

ಅಗುಳಿಗೆ ಸಂಸ್ಕೃತದಲ್ಲಿ ಅರ್ಗಲ ಅನ್ನುತ್ತಾರೆ. ನವರಾತ್ರಿಯಲ್ಲಿ ದುರ್ಗಾ ಸಪ್ತಶತಿ ಪಾರಾಯಣ ಮಾಡುವವರು ಮೊದಲು ಕವಚ, ಅರ್ಗಲಾ, ಕೀಲಕ ಎಂಬ ಮೂರು ಸ್ತೋತ್ರ ಹೇಳುತ್ತಾರೆ ಅಲ್ವಾ? ಅರ್ಗಲ ಅಂದರೆ ಅಗುಳಿ, ಕೀಲಕ ಅಂದರೆ ಗೂಟ. ಬಾಗಿಲಿನ ಸಾಮಾನುಗಳೇ ಪಾರಾಯಣದ ಹೆಸರುಗಳಾಗಿವೆ.

ಇನ್ನು ಕೊಂಡಿ. ಬೀಗ ನೇತಾಡುವುದು ಇದಕ್ಕೇ. ಇದನ್ನು ಜನ ಗಮನಿಸುವುದು ಕಡಿಮೆ, ಆದರೆ ಕಳ್ಳರು ಗಮನಿಸುತ್ತಾರೆ. ಎಷ್ಟೋ ಸಲ "ಬೀಗ ಮುರಿದರು" ಅಂತ ನಾವು ಹೇಳುವಾಗ ನಿಜವಾಗಿ ಕಿತ್ತು ಬಂದಿರುವುದು ಕೊಂಡಿ. ಬೀಗ ಸರಿಯಾಗೇ ಇರುತ್ತದೆ. ಕೊಂಡಿಯ ಸ್ಕ್ರೂಗಳು ಬಾಗಿಲು ಹಾಕಿದಾಗಲೂ ಹೊರಗೆ ಕಾಣುತ್ತಿದ್ದರೆ ಸ್ಕ್ರೂಡ್ರೈವರ್ ಒಂದೇ ಸಾಕು.

ಕೊನೆಗೆ ಬೀಗ. ಚಿಲಕ, ಅಗುಳಿ, ಕೊಂಡಿ ಮೂರೂ ಕೈ ಇದ್ದವರಿಗೆಲ್ಲ ತೆರೆದುಕೊಳ್ಳುತ್ತವೆ. ಬೀಗಕ್ಕೆ ಅದರದ್ದೇ ಕೈ ಬೇಕು, ಬೀಗದ ಕೈ.

ಬೀಗವೋ, ಕೀಲಿಯೋ?

ಮೈಸೂರು, ಬೆಂಗಳೂರು, ಮಂಡ್ಯ, ಶಿವಮೊಗ್ಗ ಕಡೆ ಬೀಗ ಅನ್ನುವುದನ್ನು ಧಾರವಾಡ, ವಿಜಯಪುರ, ಕಲಬುರಗಿ ಕಡೆ ಕೀಲಿ ಅನ್ನುತ್ತಾರೆ. ಅಲ್ಲಿ ಬೀಗದ ಕೈಗೆ ಕೀಲಿಕೈ. ಮಾತಿನಲ್ಲಿ "ಕೈ" ಬಿಟ್ಟುಹೋಗಿ "ಗಾಡಿ ಕೀಲಿ ಕೊಡು" ಅಂತಲೂ ಕೇಳುತ್ತೀರಿ. ಆಗ ಕೀಲಿ ಅಂದರೆ ಬೀಗದ ಕೈ. ಹೀಗಾಗಿ ಕೀಲಿ ಎಂಬ ಪದ ಬೀಗಕ್ಕೂ ಸಲ್ಲುತ್ತದೆ, ಅದನ್ನು ತೆಗೆಯುವ ಕೈಗೂ ಸಲ್ಲುತ್ತದೆ. ಯಾವುದು ಅನ್ನುವುದು ಮುಂದಿನ ಕ್ರಿಯಾಪದ ನೋಡಿದರೆ ಗೊತ್ತಾಗುತ್ತದೆ. "ಕೀಲಿ ಹಾಕು" ಅಂದರೆ ಬೀಗ, "ಕೀಲಿ ಕೊಡು" ಅಂದರೆ ಕೈ.

ಗಡಿಯಾರಕ್ಕೆ, ಆಟದ ಗೊಂಬೆಗೆ ಕೊಡುವುದೂ ಕೀಲಿಯೇ. "ಗಡಿಯಾರಕ್ಕೆ ಬೀಗ ಕೊಟ್ಟೆ" ಅಂತ ಯಾರೂ ಹೇಳುವುದಿಲ್ಲ. ಕೀಲು ಎಂಬ ಮಾತಿಗೆ ಗೂಟ, ಸಂದು ಎಂಬ ಅರ್ಥಗಳಿವೆ. ಮೊಣಕಾಲಿನ ಕೀಲು ನೋವು ಅನ್ನುವಾಗಲೂ ಅದೇ ಕೀಲು. ಕಂಪ್ಯೂಟರ್ ಬಂದಾಗ ಕೀಬೋರ್ಡಿಗೆ ಕೀಲಿಮಣೆ ಎಂಬ ಹೆಸರು ಸಲೀಸಾಗಿ ಕೂತಿತು. ಬೀಗಮಣೆ ಅಂದಿದ್ದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಬೆಳಗಾವಿ, ಕಾರವಾರದ ಕಡೆ ಚಾವಿ ಎಂಬ ಪದವೂ ಓಡಾಡುತ್ತದೆ. ಇದರ ಮೂಲ ಪೋರ್ಚುಗೀಸ್ ಭಾಷೆಯ "ಶಾವೆ". ಹಿಂದಿಯ ಚಾಬಿ, ತಮಿಳಿನ ಸಾವಿ ಕೂಡ ಅಲ್ಲಿಂದಲೇ ಬಂದವು. ಪಕ್ಕದ ಮರಾಠಿಯಲ್ಲಿ ಬೀಗಕ್ಕೆ ಕುಲೂಪ್ ಅನ್ನುತ್ತಾರೆ, ಅದು ಅರಬ್ಬಿಯ ಪದ. ತೆಲುಗಿನಲ್ಲಿ ತಾಳಮು ಜಾಸ್ತಿ ಬಳಕೆಯಲ್ಲಿದ್ದರೂ ಬೀಗಮು ಎಂಬ ಪದವೂ ಇದೆ.

ಮದುವೆ ಸಂಬಂಧದ ಬೀಗರಿಗೂ ಬಾಗಿಲಿನ ಬೀಗಕ್ಕೂ ನಂಟೇನು ಎಂದು ಕೇಳುವವರಿದ್ದಾರೆ. ನಿಘಂಟಿನಲ್ಲಿ ಇವು ಬೇರೆ ಬೇರೆ ಪದಗಳು. ವ್ಯಾಕರಣವೂ ಇವನ್ನು ಬೇರೆಯಾಗಿಯೇ ನಡೆಸುತ್ತದೆ. ಬಾಗಿಲಿನದ್ದು ಬೀಗಗಳು, ಬೀಗದ, ಬೀಗಕ್ಕೆ. ಸಂಬಂಧದ್ದು ಬೀಗರು, ಬೀಗರ, ಬೀಗರಿಗೆ, ಹೆಣ್ಣಾದರೆ ಬೀಗತಿ. ಬೀಗರ ಊಟ ಅಂದಾಗ ಯಾರಿಗೂ ಗೊಂದಲ ಆಗುವುದಿಲ್ಲ.

ಬೀಗದ ಹೊಟ್ಟೆಯೊಳಗೆ ಏನಿದೆ?

ಹಾರ್ಡ್‌ವೇರ್ ಅಂಗಡಿಯಲ್ಲಿ "6 ಲಿವರ್ ಬೇಕಾ, 7 ಲಿವರ್ ಬೇಕಾ" ಎಂದು ಕೇಳುತ್ತಾರೆ. ಹೆಚ್ಚಿನವರು ಜಾಸ್ತಿ ಇರುವುದೇ ಒಳ್ಳೆಯದಿರಬೇಕು ಎಂದು ಕೊಂಡು ಬರುತ್ತಾರೆ. ಲಿವರ್ ಅಂದರೆ ಏನು ಎಂದು ಅಂಗಡಿಯವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಬಹಳ ಹಳೆಯ ಕಬ್ಬಿಣದ ಬೀಗಗಳಲ್ಲಿ ಉಪಾಯ ಸರಳ. ಒಳಗೆ ಅಲ್ಲಲ್ಲಿ ಲೋಹದ ತಡೆಗೋಡೆಗಳು ಇರುತ್ತವೆ. ಆ ತಡೆಗಳಿಗೆ ತಾಗದಂತೆ ಕೊರೆದ ಕೈ ಮಾತ್ರ ಪೂರ್ತಿ ತಿರುಗುತ್ತದೆ. ಇದರ ದೌರ್ಬಲ್ಯ ಏನೆಂದರೆ, ತಡೆಗಳು ಅಲುಗಾಡುವುದಿಲ್ಲ. ತೆಳ್ಳಗೆ ಉಜ್ಜಿದ ಒಂದು ಕೈ ಎಲ್ಲ ತಡೆಗಳ ಸಂದಿಯಲ್ಲೂ ನುಸುಳಿ, ಹತ್ತಾರು ಬೀಗಗಳನ್ನು ತೆಗೆದುಬಿಡುತ್ತದೆ.

1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಎಂಬುವರು ಪೇಟೆಂಟ್ ಪಡೆದ ಬೀಗ ಇದನ್ನು ಬದಲಿಸಿತು. ಒಳಗೆ ಸ್ಪ್ರಿಂಗ್ ಇರುವ ತೆಳು ತಗಡುಗಳು, ಅವೇ ಲಿವರ್‌ಗಳು. ಒಂದೊಂದು ತಗಡಿನಲ್ಲೂ ಒಂದು ಕಿಂಡಿ. ಎಲ್ಲ ತಗಡುಗಳ ಕಿಂಡಿಗಳು ಒಂದೇ ಸಾಲಿಗೆ ಬಂದಾಗ ಮಾತ್ರ ಬೀಗದ ನಾಲಗೆ, ಅಂದರೆ ಅದನ್ನು ಹಿಡಿದಿಡುವ ಲೋಹದ ತುಂಡು, ಸರಿಯುತ್ತದೆ. ಕೈಯ ಹಲ್ಲುಗಳು ಒಂದೊಂದು ತಗಡನ್ನೂ ಸರಿಯಾದ ಎತ್ತರಕ್ಕೆ ಎತ್ತಬೇಕು. ಕಡಿಮೆ ಎತ್ತಿದರೂ ತೆರೆಯದು, ಜಾಸ್ತಿ ಎತ್ತಿದರೂ ತೆರೆಯದು. ತಗಡುಗಳು ಹೆಚ್ಚಿದಷ್ಟೂ ಎಲ್ಲವನ್ನೂ ಒಟ್ಟಿಗೆ ಸಾಲಿಗೆ ತರುವುದು ಕಷ್ಟ. 6, 7 ಎಂಬ ಲೆಕ್ಕ ಈ ತಗಡುಗಳದ್ದು. ಆದರೆ ಈ ಲೆಕ್ಕ ಉಪಾಯದ ಬಲವನ್ನು ಮಾತ್ರ ಹೇಳುತ್ತದೆ. ಬೀಗದ ಮೈ, ಮೇಲಿನ ಬಳೆಯಾಕಾರದ ಸಲಾಕೆ ಎಷ್ಟು ಗಟ್ಟಿ ಎಂಬುದನ್ನು ಹೇಳುವುದಿಲ್ಲ. ಸುತ್ತಿಗೆ ಹಿಡಿದು ಬಂದವರಿಗೆ ಲಿವರ್ ಎಷ್ಟಿದ್ದರೇನು?

ಇನ್ನೊಂದು ಬಗೆ ಪಿನ್ ಬೀಗ. ಚಪ್ಪಟೆ ಕೈ, ಒಂದು ಬದಿಗೆ ಗರಗಸದಂಥ ಹಲ್ಲು. ಈಗಿನ ಬಹುತೇಕ ಮುಂಬಾಗಿಲುಗಳಲ್ಲಿ ಇರುವುದು ಇದೇ ಜಾತಿ. ಮೂಲ ಉಪಾಯ ಬಹಳ ಪುರಾತನ, ಪ್ರಾಚೀನ ಈಜಿಪ್ಟಿನಲ್ಲಿ ಮರದ ಪಿನ್ ಬೀಗಗಳಿದ್ದವು. ಅದನ್ನು ಚಿಕ್ಕದಾಗಿಸಿ ಈಗಿನ ರೂಪಕ್ಕೆ ತಂದವರು ಅಮೆರಿಕದ ಲೈನಸ್ ಯೇಲ್ ಜೂನಿಯರ್, 1860ರ ದಶಕದಲ್ಲಿ.

ಒಳಗಿನ ಕೆಲಸ ಹೀಗೆ. ಬೀಗದೊಳಗೆ ತಿರುಗುವ ಒಂದು ಉರುಳೆ ಇದೆ. ಮೇಲಿನಿಂದ 5 ಅಥವಾ 6 ಪಿನ್‌ಗಳು ಸ್ಪ್ರಿಂಗ್ ಒತ್ತಡದಲ್ಲಿ ಉರುಳೆಯೊಳಕ್ಕೆ ಚುಚ್ಚಿಕೊಂಡು ನಿಂತಿವೆ. ಅವು ಅಡ್ಡ ಇರುವ ತನಕ ಉರುಳೆ ತಿರುಗದು. ಒಂದೊಂದು ಪಿನ್ ಕೂಡ ಎರಡು ತುಂಡು. ಕೆಳಗಿನ ತುಂಡುಗಳ ಉದ್ದ ಒಂದೇ ಸಮ ಇಲ್ಲ. ಫೋಟೋಗೆ ನಿಂತ ಮಕ್ಕಳನ್ನು ನೆನಪಿಸಿಕೊಳ್ಳಿ. ಒಬ್ಬ ಗಿಡ್ಡ, ಒಬ್ಬ ಉದ್ದ. ಗಿಡ್ಡನ ಕಾಲ ಕೆಳಗೆ ಎತ್ತರದ ಮಣೆ, ಉದ್ದದವನಿಗೆ ತಗ್ಗಿನ ಮಣೆ ಇಟ್ಟರೆ ಎಲ್ಲರ ತಲೆಯೂ ಒಂದೇ ಗೆರೆಗೆ ಬರುತ್ತದೆ. ಕೈಯ ಏರುತಗ್ಗುಗಳು ಆ ಮಣೆಗಳು. ಸರಿಯಾದ ಕೈ ಒಳಹೋದಾಗ ಎಲ್ಲ ಕೆಳತುಂಡುಗಳ ತಲೆ ಉರುಳೆಯ ಅಂಚಿಗೆ ಸರಿಯಾಗಿ ನಿಲ್ಲುತ್ತದೆ, ಉರುಳೆ ತಿರುಗುತ್ತದೆ.

5 ಪಿನ್, ಒಂದೊಂದಕ್ಕೆ 6 ಎತ್ತರ ಎಂದುಕೊಂಡರೆ ಲೆಕ್ಕದ ಪ್ರಕಾರ 7,776 ಬೇರೆ ಬೇರೆ ಕೈಗಳು ಸಾಧ್ಯ. ಎಲ್ಲ ಹಲ್ಲೂ ಒಂದೇ ಎತ್ತರ ಇರುವಂಥವನ್ನು ತಯಾರಕರು ಕೈಬಿಡುವುದರಿಂದ ನಿಜವಾದ ಸಂಖ್ಯೆ ಇನ್ನೂ ಕಡಿಮೆ. ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬೀಗದ ಗುಟ್ಟೆಲ್ಲ ಕೈಯ ಆಕಾರದಲ್ಲೇ ಇದೆ. ಆಕಾರ ಕಣ್ಣಿಗೆ ಕಂಡರೆ ನಕಲು ಸಾಧ್ಯ. ಹೊಸ ಮನೆಯ ಸಂಭ್ರಮದಲ್ಲಿ ಬೀಗದ ಕೈಯ ಫೋಟೋ ಹಂಚಿಕೊಳ್ಳುವವರು ಇದನ್ನು ದಯವಿಟ್ಟು ನೆನಪಿಡಬೇಕು. ಬಾಡಿಗೆ ಮನೆಗೆ ಬರುವವರಿಗೂ ಇದೇ ಮಾತು. ಹಿಂದೆ ಇದ್ದವರ ಹತ್ತಿರ ಎಷ್ಟು ನಕಲು ಉಳಿದಿದೆ ಎಂದು ತಿಳಿಯಲು ದಾರಿಯಿಲ್ಲ. ಪೂರ್ತಿ ಬೀಗ ಬದಲಿಸುವುದು ದುಬಾರಿ ಅನಿಸಿದರೆ ಒಳಗಿನ ಉರುಳೆಯನ್ನಷ್ಟೇ ಬದಲಿಸುವ ಸೌಲಭ್ಯ ಹಲವು ಬೀಗಗಳಲ್ಲಿ ಇದೆ.

ಸ್ಮಾರ್ಟ್ ಲಾಕ್ ಎಂದು ಮಾರುವುದರಲ್ಲಿ ಬದಲಾಗಿರುವುದು ಗುಟ್ಟು ಇರುವ ಜಾಗ. ಕೈಯ ಹಲ್ಲಿನ ಬದಲು ಸಂಖ್ಯೆ, ಬೆರಳಚ್ಚು ಅಥವಾ ಕಾರ್ಡು. ಬಾಗಿಲನ್ನು ಹಿಡಿದಿಡುವುದು ಈಗಲೂ ಲೋಹದ ನಾಲಗೆಯೇ, ಅದನ್ನು ಸರಿಸುವುದು ಪುಟ್ಟ ಮೋಟಾರು. ಹಾಗಾಗಿ ಕೊಳ್ಳುವ ಮುಂಚೆ ಬ್ಯಾಟರಿ ಸತ್ತರೆ ಹೊರಗಿನಿಂದ ತೆರೆಯುವುದು ಹೇಗೆ ಎಂದು ಕೇಳಲೇಬೇಕು.

ನಮ್ಮ ದೇಶದಲ್ಲಿ ಬೀಗ ಅಂದಕೂಡಲೇ ನೆನಪಾಗುವ ಊರು ಉತ್ತರ ಪ್ರದೇಶದ ಅಲಿಗಢ. ಅರ್ದೇಶಿರ್ ಗೋದ್ರೇಜ್ ಮುಂಬೈಯಲ್ಲಿ ಬೀಗ ತಯಾರಿಕೆ ಶುರು ಮಾಡಿದ್ದು 1897ರಲ್ಲಿ. ನಮಗೆ ಹತ್ತಿರದ ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಎಳೆದುಕೊಂಡರೆ ಬೀಗ ಬಿತ್ತೇ?

ಫ್ಲ್ಯಾಟುಗಳ ಬಾಗಿಲು ಎಳೆದರೆ "ಟಕ್" ಎಂದು ತಾನೇ ಕಚ್ಚಿಕೊಳ್ಳುತ್ತದೆ. ಅಂಗಡಿಯವರು ಇದಕ್ಕೆ ನೈಟ್ ಲ್ಯಾಚ್ ಅನ್ನುತ್ತಾರೆ. ಅದರ ನಾಲಗೆಗೆ ಒಂದು ಬದಿಯಲ್ಲಿ ಇಳಿಜಾರು ಇದೆ, ಹಿಂದೆ ಸ್ಪ್ರಿಂಗ್ ಇದೆ. ಹಾಗಾಗಿಯೇ ಅದು ಚೌಕಟ್ಟಿಗೆ ತಾಗಿದಾಗ ಹಿಂದೆ ಸರಿದು ಮತ್ತೆ ಮುಂದೆ ಬರುತ್ತದೆ. ಸಂದಿಯಲ್ಲಿ ಪ್ಲಾಸ್ಟಿಕ್ ಕಾರ್ಡು ತೂರಿಸಿ ಆ ಇಳಿಜಾರನ್ನು ಒತ್ತಿದರೂ ಅದು ಹಾಗೆಯೇ ಹಿಂದೆ ಸರಿಯಬಹುದು.

ಬೀಗದ ಕೈ ಹಾಕಿ ತಿರುಗಿಸಿದಾಗ ಹೊರಬರುವ ಚೌಕ ನಾಲಗೆ ಬೇರೆ. ಅದಕ್ಕೆ ಇಳಿಜಾರೂ ಇಲ್ಲ, ಸ್ಪ್ರಿಂಗೂ ಇಲ್ಲ. ತಳ್ಳಿದರೆ ಹಿಂದೆ ಹೋಗುವುದಿಲ್ಲ. ಹಳೆಯ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಚಿಲಕದ ಮಗ, ಎರಡನೆಯದು ಅಗುಳಿಯ ಮಗ. ಬಾಗಿಲನ್ನು ಸುಮ್ನೆ ಎಳೆದುಕೊಂಡು ಹೊರಟವರು ಎಷ್ಟೋ ಸಲ ಚಿಲಕವನ್ನಷ್ಟೇ ಹಾಕಿರುತ್ತಾರೆ. ಒಂದು ಸುತ್ತು ತಿರುಗಿಸಿದರೆ ಮಾತ್ರ ಅದು ಪೂರ್ತಿ ಬೀಗ.

ಅಂಗಡಿಯಲ್ಲಿ ಕೇಳುವ ಇನ್ನೆರಡು ಹೆಸರುಗಳಲ್ಲಿ ಮಾರ್ಟಿಸ್ ಅಂದರೆ ಕದದ ದಪ್ಪದೊಳಗೆ ಕೊರೆದು ಕೂರಿಸುವ ಬೀಗ, ರಿಮ್ ಅಂದರೆ ಒಳಮೈ ಮೇಲೆ ಕೂರಿಸುವ ಬೀಗ. ನೇತಾಡುವ ಬೀಗಕ್ಕೆ ಇವೆರಡಕ್ಕೂ ಇಲ್ಲದ ಒಂದು ತೊಂದರೆ ಇದೆ. ಮನೆಯಲ್ಲಿ ಯಾರೂ ಇಲ್ಲ ಎಂದು ಅದು ಬೀದಿಗೆಲ್ಲ ಸಾರುತ್ತದೆ.

ಬೀಗಮುದ್ರೆಯಲ್ಲಿ ಮುದ್ರೆಯ ಕೆಲಸ

ಬೀಗಮುದ್ರೆ ಎಂಬ ಒಂದೇ ಪದದಲ್ಲಿ ಎರಡು ಕೆಲಸಗಳಿವೆ. ಬೀಗ ತೆರೆಯದಂತೆ ತಡೆಯುತ್ತದೆ. ಮುದ್ರೆ ತಡೆಯುವುದಿಲ್ಲ, ತೆರೆದಿದ್ದರೆ ಹೇಳಿಬಿಡುತ್ತದೆ. ಅರಗಿನ ಮೇಲೆ ಒತ್ತಿದ ಮುದ್ರೆಯನ್ನು ಬೆರಳಲ್ಲೇ ಪುಡಿ ಮಾಡಬಹುದು, ಆದರೆ ಮೊದಲಿನಂತೆ ಮಾಡಿಡಲು ಆಗದು.

ಚುನಾವಣೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮತಯಂತ್ರಗಳನ್ನು ಇಟ್ಟ ಭದ್ರತಾ ಕೊಠಡಿಗೆ ಎರಡು ಬೀಗ ಹಾಕಿ, ಕೈಗಳನ್ನು ಇಬ್ಬರು ಅಧಿಕಾರಿಗಳ ಬಳಿ ಇಡುತ್ತಾರೆ. ಆಮೇಲೆ ಮುದ್ರೆ. ಅಭ್ಯರ್ಥಿಗಳ ಕಡೆಯವರೂ ತಮ್ಮ ಮುದ್ರೆ ಹಾಕಬಹುದು. ಬೀಗ ಇಲ್ಲಿ ಹೊರಗಿನವರನ್ನು ತಡೆಯಲು, ಮುದ್ರೆ ಬೀಗದ ಕೈ ಇಟ್ಟುಕೊಂಡವರ ಮೇಲೆಯೂ ಕಣ್ಣಿಡಲು.

ಕಾರ್ಖಾನೆಯ ಸುದ್ದಿಯಲ್ಲಿ ಬರುವ ಬೀಗಮುದ್ರೆ ಇನ್ನೂ ಬೇರೆ. ಅಲ್ಲಿ ಅದು ಲಾಕ್‌ಔಟ್. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಕೊಟ್ಟ ವ್ಯಾಖ್ಯೆಯ ಪ್ರಕಾರ, ಮಾಲೀಕರು ಕೆಲಸದ ಜಾಗವನ್ನು ತಾತ್ಕಾಲಿಕವಾಗಿ ಮುಚ್ಚಿದರೂ, ಕೆಲಸ ನಿಲ್ಲಿಸಿದರೂ, ಕಾರ್ಮಿಕರಿಗೆ ಕೆಲಸ ಕೊಡಲು ಒಪ್ಪದಿದ್ದರೂ ಅದು ಲಾಕ್‌ಔಟ್. ಗೇಟಿಗೆ ನಿಜವಾದ ಬೀಗ ಇರಲೇಬೇಕೆಂದಿಲ್ಲ.

ತಂತಿ ತೂರಿಸಿ ಚಿಲಕ ಎತ್ತಿದರೆ?

ಪೊಲೀಸರ ಭಾಷೆಯಲ್ಲಿ ಮನೆ ನುಗ್ಗಿ ಕದಿಯುವುದು ಕನ್ನ ಕಳವು. ಕನ್ನ ಅಂದರೆ ಗೋಡೆಗೆ ಕೊರೆದ ತೂತು. ಈಗ ಗೋಡೆ ಕೊರೆಯುವವರು ಅಪರೂಪ, ಪದ ಉಳಿದಿದೆ. ಹಾಗಾದರೆ ಬೀಗವೇ ಹಾಕದ, ಚಿಲಕ ಮಾತ್ರ ಇದ್ದ ಮನೆಗೆ ನುಗ್ಗಿದರೆ ಅದೂ ಕನ್ನವೇ?

ಹೌದು. 1860ರ ಭಾರತೀಯ ದಂಡ ಸಂಹಿತೆಯ 445ನೇ ಕಲಮು ಕನ್ನದ ಆರು ದಾರಿಗಳನ್ನು ಹೇಳಿತ್ತು. ಬೀಗ ತೆರೆದು ನುಗ್ಗುವುದು ಅದರಲ್ಲಿ ಒಂದು. ಭದ್ರ ಮಾಡಿದ ಬಾಗಿಲನ್ನು ತೆರೆದು ನುಗ್ಗುವುದು ಇನ್ನೊಂದು. ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ ಬಾಗಿಲಿನ ತೂತಿನಿಂದ ತಂತಿ ತೂರಿಸಿ ಚಿಲಕ ಎತ್ತಿದವನೂ ಇದ್ದಾನೆ. ಮನೆಯವರು ಕಳೆದುಕೊಂಡ ಬೀಗದ ಕೈ ಸಿಕ್ಕಿ, ಅದರಿಂದಲೇ ಬಾಗಿಲು ತೆರೆದು ನುಗ್ಗಿದವನೂ ಇದ್ದಾನೆ. ಇಬ್ಬರದ್ದೂ ಕನ್ನವೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 330ನೇ ಕಲಮು.

ವಿಮೆಯಲ್ಲಿ ಮಾತ್ರ ಲೆಕ್ಕ ಬೇರೆ. ಕನ್ನ ಕಳವಿನ ವಿಮೆ ಪತ್ರಗಳಲ್ಲಿ ಸಾಮಾನ್ಯವಾಗಿ ಬಲವಂತದಿಂದ ಒಳನುಗ್ಗಿರಬೇಕು ಎಂಬ ಷರತ್ತು ಇರುತ್ತದೆ. ಅಂಥ ಷರತ್ತಿದ್ದಾಗ ಬಲಪ್ರಯೋಗ ನಡೆಯದ ಕಳವಿಗೆ ಪರಿಹಾರ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ, ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರಚಂದ್ ರಾಯ್ ಚಂದನ್ ಲಾಲ್ ನಡುವಿನ ಪ್ರಕರಣದಲ್ಲಿ ಹೇಳಿತು. ನಕಲಿ ಕೈಯಿಂದ ಬಾಗಿಲು ತೆರೆದಿದ್ದರೆ ಪೊಲೀಸರಿಗೆ ಅದು ಕನ್ನ, ವಿಮೆಯವರು ಮಾತ್ರ ತಕರಾರು ತೆಗೆಯಬಹುದು. ಅದಕ್ಕೇ ದೂರಿನಲ್ಲಿ "ಲಾಕ್ ತೆಗೆದು ಕದ್ದಿದ್ದಾರೆ" ಎಂದಷ್ಟೇ ಬರೆಯಬೇಡಿ. ಬೀಗ ಮುರಿದಿದೆಯೇ, ಕೊಂಡಿ ಕಿತ್ತಿದೆಯೇ, ಚಿಲಕ ಬಗ್ಗಿದೆಯೇ, ಚೌಕಟ್ಟು ಸೀಳಿದೆಯೇ ಎಂದು ಕಂಡದ್ದನ್ನು ಕಂಡಂತೆ ಬರೆಯಿರಿ. ದುರಸ್ತಿ ಮಾಡಿಸುವ ಮುಂಚೆ ಫೋಟೋ ತೆಗೆದಿಡಿ.

ಬೇರೆಯವರು ಬೀಗ ಜಡಿದರೆ

ಹಾಕುವುದಕ್ಕೂ ಜಡಿಯುವುದಕ್ಕೂ ಇರುವ ದೂರ ಇಲ್ಲಿ ಕಾಣುತ್ತದೆ. ನಮ್ಮ ಮನೆಗೆ ನಾವು ಬೀಗ ಹಾಕುತ್ತೇವೆ. ಇನ್ನೊಬ್ಬರು ಬಂದು ಮಾಡಿದಾಗ ಅದು ಜಡಿಯುವುದು.

ಬಾಡಿಗೆದಾರರು ಹೊರಹೋಗಿದ್ದಾಗ ಮಾಲೀಕರು ತಮ್ಮ ಬೀಗ ಹಾಕಿಬಿಟ್ಟರೆ, ಮನೆ ಅವರದ್ದೇ ಆದರೂ ಅದು ಸರಿಯಾದ ದಾರಿಯಲ್ಲ. ಕಾನೂನಿನ ಕ್ರಮ ಬಿಟ್ಟು ಸ್ವಾಧೀನ ತಪ್ಪಿಸಿದವರ ವಿರುದ್ಧ 6 ತಿಂಗಳೊಳಗೆ ಮೊಕದ್ದಮೆ ಹೂಡಿ ಸ್ವಾಧೀನ ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು ಅವಕಾಶ ಕೊಡುತ್ತದೆ. ಜನ ಒಳಗಿರುವಾಗಲೇ ಹೊರಗಿನಿಂದ ಬೀಗ ಜಡಿದರೆ ಅದು ಇನ್ನೂ ಗಂಭೀರ, ಅಕ್ರಮ ಬಂಧನ. ನ್ಯಾಯ ಸಂಹಿತೆಯ 127ನೇ ಕಲಮು ಅದಕ್ಕಾಗಿಯೇ ಇದೆ.

ಮನೆ ಅಡವಿಟ್ಟು ಪಡೆದ ಸಾಲ ಬಾಕಿಯಾದಾಗ ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯ ಅಡಿ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಅದಕ್ಕೂ ಮೆಟ್ಟಿಲುಗಳಿವೆ. ಮೊದಲು 60 ದಿನಗಳ ನೋಟಿಸು ಕೊಡಬೇಕು. ಕ್ರಮ ಕೈಗೊಂಡ ಮೇಲೂ ಸಾಲಗಾರರು 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಕೃಷಿ ಜಮೀನು ಈ ಕಾಯ್ದೆಯಿಂದ ಹೊರಗಿದೆ.

ಅಡಮಾನವೇ ಇಲ್ಲದ ಕಿರುಸಾಲಕ್ಕೆ ಮನೆಗೆ ಬೀಗ ಜಡಿಯಲು ಯಾವ ವಸೂಲಿಗಾರರಿಗೂ ಹಕ್ಕಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ, ಸಣ್ಣಸಾಲಗಳ ವಸೂಲಿಯಲ್ಲಿ ಬಲವಂತ ತಡೆಯಲು ಸುಗ್ರೀವಾಜ್ಞೆ ತಂದಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡದ ಶಿಕ್ಷೆ ಇತ್ತು. ಹಾಗೆ ಯಾರಾದರೂ ಬಾಗಿಲಿಗೆ ಬೀಗ ಜಡಿದರೆ ಮೊದಲು ಅದರ ಫೋಟೋ ತೆಗೆದು, ನೋಟಿಸು ಅಥವಾ ಕೋರ್ಟಿನ ಆದೇಶ ತೋರಿಸಿ ಎಂದು ಕೇಳಿ. ಕಾಗದ ತೋರಿಸದಿದ್ದರೆ ಹತ್ತಿರದ ಠಾಣೆಗೆ ದೂರು ಕೊಡಿ.